ನೀಲಿ ಬೆಳೆಯ ರೈತರ ಮಿತ್ರರಾಗಿದ್ದ ಜೇಮ್ಸ್ ಲಾಂಗ್ ಅಯ್ಯನವರು

ನೀಲಿ ಬಣ್ಣದ ಬಟ್ಟೆಯನ್ನು ಒಮ್ಮೆಯಾದರೂ ಉಡದವರು ನಮ್ಮ ವಾಚಕರಲ್ಲಿ ಯಾರೂ ಇರಲಿಕ್ಕಿಲ್ಲ. ಈಗಿನ ನೀಲಿಯು ಕಾರ್ಖಾನೆಗಳಲ್ಲಿ ರಸಾಯನ ಪದಾರ್ಥಗಳಿಂದ ಆಗುವಂಥಾದ್ದು. ಆದರೆ 1897ನೇ ಇಸವಿಯಲ್ಲಿ ಜರ್ಮನ್ ದೇಶದವರು ಇಂಥ ಬಣ್ಣವನ್ನು ಮಾರಾಟಕ್ಕೆ ತರುವ ವರೆಗೆ ನೀಲಿಯು ಹೊಲದಲ್ಲಿ ಬೆಳೆಯುವ ಗಿಡದ ಎಲೆಗಳಿಂದಲೇ ದೊರೆಯುತ್ತಿತ್ತು. ಯೂರೋಪಿನವರು ಕೊಳ್ಳುತ್ತಿದ್ದ ನೀಲಿಯಲ್ಲಿ ದೊಡ್ಡ ಪಾಲು ಬಂಗಾಳ ಮತ್ತು ಬಿಹಾರ ಸೀಮೆಗಳಿಂದ ಹಡಗು ಹತ್ತಿ ಹೋಗುತ್ತಿತ್ತು. ಆ ಗಿಡವನ್ನು ಬಿತ್ತಿದ ರೈತರು ಪಟ್ಟ ಪಾಡನ್ನೂ, ಅವರ ಪಕ್ಷ ಹಿಡಿದದ್ದರಿಂದ ಸೆರೆಮನೆಗೆ ಹೋದ ಒಬ್ಬ ಪಾದ್ರಿಯವರ ಜೀವಿತವನ್ನೂ ಈ ಸಾರಿ ನಮ್ಮ ವಾಚಕರ ಮುಂದೆ ಇಡುತ್ತೇವೆ.

ಜೇಮ್ಸ್ ಲಾಂಗ್ ಅಯ್ಯನವರು 1814ನೇ ಇಸವಿಯಲ್ಲಿ ಐರ್ಲೆಂಡ್ ದೇಶದ ಕಾರ್ಕ್ ಸೀಮೆಗೆ ಸೇರಿದ ಬ್ಯಾಂಡನ್ ಎಂಬ ಊರಲ್ಲಿ ಹುಟ್ಟಿದರು. ಆ ದೇಶದಲ್ಲಿ ಭೂಮಿಯು ದೊಡ್ಡ ಒಡೆಯರ ಕೈಯಲ್ಲಿದ್ದು, ಉಳುವವರು ಗೇಣಿ ಕೊಟ್ಟು ಕೊಟ್ಟು ಬಡವರಾಗಿದ್ದರೆಂಬದು ಲೋಕಕ್ಕೆ ತಿಳಿದ ಸಂಗತಿ. ಬಾಲ್ಯದಲ್ಲಿ ಕಂಡದ್ದು ಮನಸ್ಸಿನಲ್ಲಿ ನಿಲ್ಲುವದು ಸಹಜವಾದದರಿಂದ, ಮುಂದೆ ಬಂಗಾಳದ ರೈತನ ಗುಡಿಸಲನ್ನು ನೋಡಿದಾಗ ಅವರಿಗೆ ಅದು ತೀರ ಹೊಸದಾಗಿ ತೋರಿರಲಿಕ್ಕಿಲ್ಲವೆಂದು ನಾವು ಊಹಿಸುತ್ತೇವೆ. ಅವರು ಚರ್ಚ್ ಮಿಶನರಿ ಸೊಸೈಟಿಯ ಸೇವೆಗೆ ಒಪ್ಪಿಸಿಕೊಂಡು, ಲಂಡನ್ ಪಟ್ಟಣದ ಇಸ್ಲಿಂಗ್ಟನ್ ಎಂಬಲ್ಲಿದ್ದ ಆ ಸಂಘದ ಶಾಲೆಯಲ್ಲಿ ಕಲಿತು, 1840ರಲ್ಲಿ ಕಲ್ಕತ್ತೆಗೆ ಬಂದು ಇಳಿದರು. ಮೊದಲಿನ ವರುಷಗಳಲ್ಲಿ ಪಟ್ಟಣದ ಮಿಶನ್ ಶಾಲೆಯನ್ನು ನಡಿಸಿದರು. ಅನಂತರ ಕಲ್ಕತ್ತೆಯ ದಕ್ಷಿಣಕ್ಕಿರುವ ಠಾಕುರ್‌ಪುಕುರ್ ಎಂಬ ಹಳ್ಳಿಯಲ್ಲಿ ನೆಲೆಸಿ ಅಲ್ಲಿಯ ಸಭೆಯನ್ನೂ ಶಾಲೆಯನ್ನೂ ನೋಡಿಕೊಂಡರು.

ಅವರಲ್ಲಿ ಒಂದು ವಿಶೇಷ ಗುಣವಿತ್ತು. ಆ ಕಾಲದಲ್ಲಿ ಬಂದ ದೊರೆಗಳಲ್ಲಿ ಬಹಳ ಮಂದಿ ಈ ದೇಶದ ಭಾಷೆಯನ್ನು ಆಳುಗಳಿಗೆ ಅಪ್ಪಣೆ ಕೊಡುವಷ್ಟು ಮಾತ್ರ ಕಲಿಯುತ್ತಿದ್ದರು. ಲಾಂಗ್ ಅಯ್ಯನವರಾದರೋ ಬಂಗಾಳಿಯನ್ನು ಜನರ ಬಾಯಿಂದಲೇ ಕಲಿತರು. ಸಂತೆ ಜಾತ್ರೆಗಳಲ್ಲಿ ಮಾರುವ ಅಗ್ಗದ ಪುಸ್ತಕಗಳನ್ನು ಕೊಂಡು ಓದುವರು. ಮುದುಕರೂ ಹೆಂಗಸರೂ ಆಡುವ ಗಾದೆಗಳನ್ನು ಬರೆದಿಟ್ಟುಕೊಳ್ಳುವರು. ಹೀಗೆ ಕೂಡಿಸಿದ ಗಾದೆಗಳು ಸಾವಿರಗಟ್ಟಲೆಯಾಗಿ, ಮುಂದೆ ಪುಸ್ತಕರೂಪವಾಗಿ ಅಚ್ಚಾದವು. 1855ರಲ್ಲಿ ಅವರು ಸುಮಾರು 1,400 ಬಂಗಾಳಿ ಪುಸ್ತಕಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಇಂಥ ಕೆಲಸವನ್ನು ಇಷ್ಟು ವಿಸ್ತಾರವಾಗಿ ಯಾರೂ ಮಾಡಿದ್ದಿಲ್ಲ. 1857ರ ಸಿಪಾಯಿಗಳ ದಂಗೆಯಾದ ಮೇಲೆ ಸರ್ಕಾರದವರ ಕೋರಿಕೆಯಂತೆ, ಆ ಒಂದು ವರುಷದಲ್ಲಿ ಕಲ್ಕತ್ತೆಯ ಅಚ್ಚುಕೂಟಗಳಿಂದ ಹೊರಟ ಬಂಗಾಳಿ ಪುಸ್ತಕಗಳನ್ನು ಲೆಕ್ಕಹಾಕಿ, ಐದು ಲಕ್ಷಕ್ಕೆ ಮೇಲ್ಪಟ್ಟ ಪ್ರತಿಗಳು ಮಾರಾಟಕ್ಕೆ ಹೋದವೆಂದು ವರದಿ ಬರೆದರು. ಜನರು ಏನು ಓದುತ್ತಾರೆ, ಏನು ಹಾಡುತ್ತಾರೆ, ಯಾವದಕ್ಕೆ ನಗುತ್ತಾರೆ, ಯಾವದಕ್ಕೆ ಹಲ್ಲು ಕಡಿಯುತ್ತಾರೆ ಎಂಬದನ್ನು ಅರಿಯದೆ ಅವರನ್ನು ಆಳುವವರು ಕಣ್ಣು ಕಟ್ಟಿಕೊಂಡು ಬಂಡಿ ಹೊಡೆಯುವವರಂತಿದ್ದಾರೆಂಬದು ಅವರ ನಿಶ್ಚಯವಾಗಿತ್ತು. ಅವರ ಮುಂದಿನ ಕಷ್ಟಕ್ಕೆ ಈ ನಿಶ್ಚಯವೇ ಬೀಜವಾಯಿತು.

ಈಗ ನೀಲಿಯ ಸಂಗತಿಯನ್ನು ಸ್ವಲ್ಪ ವಿವರಿಸಬೇಕು; ಇಲ್ಲದಿದ್ದರೆ ಮುಂದಿನದು ತಿಳಿಯುವದಿಲ್ಲ.

ಬಂಗಾಳದ ನದಿಯಾ, ಜೆಸ್ಸೋರ್ ಮೊದಲಾದ ಜಿಲ್ಲೆಗಳಲ್ಲಿ ಆಂಗ್ಲೇಯ ದೊರೆಗಳು ಕೋಠಿಗಳನ್ನು ಕಟ್ಟಿಸಿಕೊಂಡು ನೀಲಿಯ ವ್ಯಾಪಾರವನ್ನು ಮಾಡುತ್ತಿದ್ದರು. ಆ ಸೀಮೆಯಲ್ಲಿ ಒಂದು ಭಾಗ ಈಗ ಭಾರತದಲ್ಲಿಯೂ ಒಂದು ಭಾಗ ಬಾಂಗ್ಲಾದೇಶದಲ್ಲಿಯೂ ಇದೆ. ದೊರೆಯು ಗಿಡವನ್ನು ತನ್ನ ಸ್ವಂತ ಹೊಲದಲ್ಲಿ ಬೆಳಿಸುವದು ಕಡಿಮೆ. ಎತ್ತು ನೇಗಿಲುಗಳ ಖರ್ಚು ತನಗೆ ಬೀಳದ ಹಾಗೆ ರೈತನಿಂದಲೇ ಬೆಳಿಸುತ್ತಿದ್ದನು. ಒಂದು ಬಿಘಾ ನೆಲಕ್ಕೆ ಎರಡು ರೂಪಾಯಿಯಂತೆ ಮುಂಗಡ ಕೊಟ್ಟು, ಮುದ್ರೆ ಕಾಗದದ ಮೇಲೆ ಒಪ್ಪಂದ ಬರಿಸಿಕೊಳ್ಳುವರು. ಎಷ್ಟೋ ಸಾರಿ ಬರಿಗಾಗದಕ್ಕೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರಹವನ್ನು ಆ ಮೇಲೆ ತುಂಬಿಸುವರು. ಮುದ್ರೆ ಕಾಗದದ ಬೆಲೆಯೂ ಬೀಜದ ಬೆಲೆಯೂ ರೈತನ ಲೆಕ್ಕಕ್ಕೇ ಬೀಳುವದು. ಗುಮಾಸ್ತನಿಗೆ ಮಾಮೂಲು ಬೇರೆ. ಬಿಘಾ ಅಳೆಯುವಾಗ ಕೋಠಿಯವರ ಅಳತೆ ದೊಡ್ಡದು. ಗಿಡದ ಕಟ್ಟುಗಳನ್ನು ಎಣಿಸುವಾಗ ಕೋಠಿಯವರ ಸರಪಣಿ ಉದ್ದವಾದದ್ದು. ಆದಕಾರಣ ವರುಷಾಂತ್ಯದಲ್ಲಿ ಲೆಕ್ಕ ನೋಡಿದರೆ ರೈತನಿಗೆ ಬರಬೇಕಾದದ್ದು ಏನೂ ಇರದೆ ಹಳೇ ಮುಂಗಡವು ಅವನ ಹೆಸರಿನಲ್ಲಿ ಬಾಕಿಯಾಗಿಯೇ ಉಳಿಯುವದು. ಅಪ್ಪನು ಸತ್ತರೆ ಆ ಬಾಕಿಯು ಮಗನಿಗೆ ಬರುವದು. ಅಜ್ಜನು ಇಸಕೊಂಡ ಎರಡು ರೂಪಾಯಿಗೆ ಮೊಮ್ಮಗನು ನೀಲಿ ಬಿತ್ತುವ ಮನೆಗಳೂ ಇದ್ದವು.

ಅದಲ್ಲದೆ ನೀಲಿಗೆ ಬೇಕಾದದ್ದು ಊರಿನ ಒಳ್ಳೇ ಹೊಲವೇ. ನೆರೆ ಇಳಿದ ಮೇಲೆ ಹೊಳೆದಂಡೆಯ ಮೆಕ್ಕಲು ಮಣ್ಣಿನಲ್ಲಿ ಒಂದು ಸಾರಿಯೂ, ಬೇಸಿಗೆಯಲ್ಲಿ ಮಳೆ ಬಿದ್ದೊಡನೆ ಮತ್ತೊಂದು ಸಾರಿಯೂ ಬಿತ್ತುವರು. ಆ ಎರಡನೆಯ ಸಾರಿಯೇ ರೈತನು ತನ್ನ ಭತ್ತದ ಗದ್ದೆಗೆ ಇಳಿಯಬೇಕಾದ ಹೊತ್ತು. ಮನೆಯಲ್ಲಿ ಮಕ್ಕಳು ಉಣ್ಣುವ ಬೆಳೆಯನ್ನು ಬಿಟ್ಟು, ತನಗೆ ಕಾಸು ಹುಟ್ಟದ ಬೆಳೆಗೆ ಎತ್ತು ಹೂಡುವ ರೈತನ ಹೊಟ್ಟೆಯ ಉರಿಯನ್ನು ನಮ್ಮ ಹಳ್ಳಿಗಳ ವಾಚಕರಿಗೆ ನಾವು ಬಣ್ಣಿಸಬೇಕಾಗಿಲ್ಲ. ಬಿತ್ತೆನೆಂದವನ ಎತ್ತುಗಳನ್ನು ಕೋಠಿಯ ದೊಣ್ಣೆಯವರು ಹೊಡೆದುಕೊಂಡು ಹೋಗುವರು. ಅವನನ್ನು ಉಗ್ರಾಣದಲ್ಲಿ ಕೂಡಿಹಾಕುವರು. ಒಂದು ಕೋಠಿಯಿಂದ ಇನ್ನೊಂದಕ್ಕೆ ರಾತ್ರಿಯಲ್ಲಿ ಸಾಗಿಸಿ ಮನೆಯವರಿಗೆ ಸುಳಿವು ಸಿಕ್ಕದಂತೆ ಮಾಡುವರು. ರೈತರನ್ನು ಹೊಡೆಯುವದಕ್ಕೆ ಇಟ್ಟಿದ್ದ ತೊಗಲಿನ ಚಾಟಿಗೆ ಶ್ಯಾಮಚಾಂದ್ ಎಂದು ಹೆಸರೇ ಬಿದ್ದಿತ್ತು. ಗಿಡ ಕೊಯ್ದ ಮೇಲೆ ಕೋಠಿಯ ತೊಟ್ಟಿಗಳಲ್ಲಿ ಅದನ್ನು ನೆನೆಯಹಾಕಿ, ಆ ನೀರಿನಲ್ಲಿ ಸೊಂಟದುದ್ದ ನಿಂತ ಕೂಲಿಗಳು ಹುಟ್ಟುಗಳಿಂದ ಗಂಟೆಗಟ್ಟಲೆ ಬಡಿದ ಮೇಲೆ ತಳದಲ್ಲಿ ಕೂತ ನೀಲಿಯನ್ನು ಕಾಯಿಸಿ, ಹಿಂಡಿ, ಬಿಲ್ಲೆಗಳಾಗಿ ಕೊಯ್ದು ಒಣಗಿಸುವರು.

ನ್ಯಾಯಾಧಿಪತಿಗಳು ಇರಲಿಲ್ಲವೇ ಎಂದು ಕೇಳಬಹುದು. ಇದ್ದರು, ಆದರೆ ಆ ಕಾಲದ ಕಾನೂನಿನಂತೆ ದೊಡ್ಡ ಅಪರಾಧ ಮಾಡಿದ ಆಂಗ್ಲೇಯನನ್ನು ಜಿಲ್ಲೆಯ ನ್ಯಾಯಸ್ಥಾನವು ವಿಚಾರಿಸಕೂಡದಾಗಿತ್ತು, ಕಲ್ಕತ್ತೆಯ ಸುಪ್ರೀಮ್ ಕೋರ್ಟೇ ವಿಚಾರಿಸಬೇಕಾಗಿತ್ತು. ಮೈಮೇಲೆ ಬಾಸುಂಡೆಯುಳ್ಳ ಒಬ್ಬ ಬಡ ರೈತನು ಸಾಕ್ಷಿಗಳನ್ನು ಕಟ್ಟಿಕೊಂಡು ಅಷ್ಟು ದೂರ ಹೋಗುವದೆಲ್ಲಿ ಬಂತು? ಮೇಲಾಗಿ ಜಿಲ್ಲೆಯ ಅಧಿಕಾರಿಗಳಲ್ಲಿ ಹಲವರು ಕೋಠಿಯ ದೊರೆಗಳ ಮನೆಯಲ್ಲಿಯೇ ಊಟಮಾಡಿ ಅವರ ಆನೆಯ ಮೇಲೆ ಬೇಟೆಗೆ ಹೋಗುತ್ತಿದ್ದರು. ಎಲ್ಲರೂ ಹಾಗಿದ್ದರೆಂದು ಹೇಳುವದು ನ್ಯಾಯವಲ್ಲ. ಬಾರಾಸತ್ ಎಂಬಲ್ಲಿ ಮ್ಯಾಜಿಸ್ಟ್ರೇಟರಾಗಿದ್ದ ಆಶ್ಲಿ ಈಡನ್ ದೊರೆಯವರು, ತನ್ನ ಹೊಲದಲ್ಲಿ ಯಾವ ಬೆಳೆ ಬಿತ್ತಬೇಕೆಂಬದು ರೈತನ ಇಷ್ಟಕ್ಕೆ ಸೇರಿದ್ದೆಂದು ತೀರ್ಮಾನ ಮಾಡಿದರು. 1859ರಲ್ಲಿ ಅದು ಬಂಗಾಳಿಯಲ್ಲಿ ಪ್ರಕಟವಾಗಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು.

ನದಿಯಾ ಜಿಲ್ಲೆಯ ಕೃಷ್ಣನಗರದ ಸುತ್ತಲಿನ ಹಳ್ಳಿಗಳಲ್ಲಿ 1838ರಿಂದೀಚೆಗೆ ಸಾವಿರಾರು ಮಂದಿ ಕ್ರೈಸ್ತ ಸಭೆಗೆ ಸೇರಿದ್ದರು. ಅವರೂ ರೈತರೇ, ಅವರ ಹೊಲಗಳಲ್ಲಿಯೂ ನೀಲಿಯ ಗೂಟ ನೆಟ್ಟಿತ್ತು. ಅವರನ್ನು ನೋಡಿಕೊಳ್ಳುತ್ತಿದ್ದ ಮಿಶನರಿಗಳು ಹೆಚ್ಚಾಗಿ ಜರ್ಮನ್ ದೇಶದವರು. ಅವರಲ್ಲಿ ಕೆಲವರು ಮಂಗಳೂರಿಗೂ ಧಾರವಾಡಕ್ಕೂ ಬಂದ ಅಯ್ಯನವರಂತೆಯೇ ಬಾಸೆಲಿನ ಸೆಮಿನರಿಯಲ್ಲಿ ಕಲಿತವರು. ಶೂರ್, ಬೊಮ್ವೆಚ್, ಲಿಂಕೆ ಎಂಬವರು ಕಣ್ಣಾರೆ ಕಂಡದ್ದನ್ನು ಮುಚ್ಚಿಡಲಿಲ್ಲ. 1855ರಲ್ಲಿ ಕಲ್ಕತ್ತೆಯಲ್ಲಿ ಕೂಡಿದ ಮಿಶನರಿಗಳ ಸಮ್ಮೇಳನದಲ್ಲಿ ಶೂರ್ ಅಯ್ಯನವರು ನೀಲಿಯ ಪದ್ಧತಿಯಿಂದ ಆಗುವ ಕೇಡನ್ನು ಕುರಿತು ಪ್ರಬಂಧ ಓದಿದರು. ಇದರಿಂದ ಕೋಠಿಯವರಿಗೆ ಕೋಪ ಬಂತು. ಬಿಳೀ ಚರ್ಮದವರಾಗಿದ್ದು ಕರಿಯರ ಪಕ್ಷ ಕಟ್ಟುತ್ತಾರೆಂದು ದೂರಿದರು. ಆದರೆ ಮಿಶನರಿಗಳೇ ರೈತರನ್ನು ಎಬ್ಬಿಸಿದರೆಂಬ ಅವರ ಮಾತು ಸುಳ್ಳು. ರೈತರು ತಾವಾಗಿಯೇ ಎದ್ದರು. ಈ ಸಂಗತಿಯನ್ನು ನಾವು ಒತ್ತಿ ಹೇಳುತ್ತೇವೆ. ಯಾಕಂದರೆ ಪಾದ್ರಿಗಳ ಜೀವಿತವನ್ನು ಬರೆಯುವಾಗ ಜನರು ತಾವೇ ಮಾಡಿದ್ದನ್ನು ಮರೆತುಬಿಡುವ ವಾಡಿಕೆಯುಂಟು.

1859ರ ಕೊನೆಯಲ್ಲಿ ನದಿಯಾ ಜಿಲ್ಲೆಯ ಚೌಗಾಛಾ ಎಂಬ ಊರಿನ ವಿಷ್ಣುಚರಣ ವಿಶ್ವಾಸ, ದಿಗಂಬರ ವಿಶ್ವಾಸ ಎಂಬಿಬ್ಬರು ಮುಂದಾದರು. ಇವರು ಮೊದಲು ಕೋಠಿಯಲ್ಲಿಯೇ ಚಾಕರಿ ಮಾಡಿ ಅಲ್ಲಿಯ ಒಳಗುಟ್ಟನ್ನೆಲ್ಲ ಬಲ್ಲವರು. ನೀಲಿ ಬಿತ್ತುವದಿಲ್ಲವೆಂದು ಊರವರೆಲ್ಲ ಒಕ್ಕಟ್ಟಾದರು. ಕೋಠಿಯ ದೊಣ್ಣೆಯವರು ಬಂದರೆ ಗಂಡಸರು ಬಡಿಗೆ ಈಟಿಗಳನ್ನೂ ಹೆಂಗಸರು ಅಡಿಗೆಯ ಪಾತ್ರೆಗಳನ್ನೂ ಹಿಡಿದು ನಿಂತರು. ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದರಲ್ಲಿ ಒಂದೇ ಆಗಿದ್ದರು. ಬೆಂಕಿಯು ಜಿಲ್ಲೆಯಿಂದ ಜಿಲ್ಲೆಗೆ ಹತ್ತಿತು.

ಸರ್ಕಾರದವರು 1860ರ ಮಾರ್ಚಿಯಲ್ಲಿ ಒಂದು ಕಾನೂನು ಮಾಡಿದರು. ಮುಂಗಡ ಇಸಕೊಂಡು ನೀಲಿ ಬಿತ್ತದವನನ್ನು ಆರು ತಿಂಗಳ ಮಟ್ಟಿಗೆ ಮ್ಯಾಜಿಸ್ಟ್ರೇಟರು ಶಿಕ್ಷಿಸಬಹುದೆಂದು ಅದರಲ್ಲಿ ಒಂದು ಭಾಗ. ಈ ವ್ಯವಹಾರವನ್ನೆಲ್ಲ ವಿಚಾರಿಸುವದಕ್ಕೆ ಕಮಿಶನನ್ನು ನೇಮಿಸಬೇಕೆಂದು ಇನ್ನೊಂದು ಭಾಗ. ಮೊದಲನೆಯದರಿಂದ ನೂರಾರು ರೈತರು ಸೆರೆಗೆ ಬಿದ್ದರು; ಹಲವರು ನೀಲಿ ಬಿತ್ತುವದಕ್ಕಿಂತ ಸೆರೆಯೇ ಲೇಸೆಂದು ಹೋದರು. ಎರಡನೆಯದರಿಂದ ಸತ್ಯವು ಹೊರಗೆ ಬಂತು. ಸೀಟನ್‌ಕಾರ್ ದೊರೆಯವರ ಅಧ್ಯಕ್ಷತೆಯಲ್ಲಿ ಕಮಿಶನು 134 ಮಂದಿಯ ಸಾಕ್ಷಿ ತಕ್ಕೊಂಡಿತು. ಅವರಲ್ಲಿ 77 ಮಂದಿ ರೈತರು, 21 ಮಂದಿ ಕೋಠಿಯ ದೊರೆಗಳು, 8 ಮಂದಿ ಮಿಶನರಿಗಳು. ಉಳಿದವರು ಅಧಿಕಾರಿಗಳೂ ಜಮೀನ್ದಾರರೂ. ಲಾಂಗ್ ಅಯ್ಯನವರೂ ಸಾಕ್ಷಿ ಕೊಟ್ಟರು. ಆಗಸ್ಟ್ ತಿಂಗಳಲ್ಲಿ ಹೊರಟ ವರದಿಯು ನೀಲಿಯ ಪದ್ಧತಿಯು ಬುಡದಿಂದಲೇ ಕೆಟ್ಟದ್ದೆಂದು ಹೇಳಿ, ಮಿಶನರಿಗಳ ಮೇಲೆ ಹೊರಿಸಿದ ತಪ್ಪನ್ನು ತಳ್ಳಿಹಾಕಿತು. ಆ ದಿವಸಗಳಲ್ಲಿಯೇ ಬಂಗಾಳದ ಲೆಫ್ಟಿನೆಂಟ್ ಗವರ್ನರಾಗಿದ್ದ ಗ್ರಾಂಟ್ ದೊರೆಯವರು ದೋಣಿಯಲ್ಲಿ ಹೊಳೆಯ ಮೇಲೆ ಹೋಗುತ್ತಿರಲಾಗಿ, ಅರುವತ್ತು ಎಪ್ಪತ್ತು ಮೈಲು ದೂರದ ವರೆಗೂ ಎರಡು ದಡಗಳಲ್ಲಿ ರೈತರು, ಅವರ ಹೆಂಡರು ಮಕ್ಕಳು ಸಹಿತವಾಗಿ ಸಾಲುಗಟ್ಟಿ ನಿಂತು ನ್ಯಾಯ ಬೇಡಿದರು. ಯಾರೂ ಕಲ್ಲೆಸೆಯಲಿಲ್ಲ. ಹದಿನಾಲ್ಕು ಗಂಟೆಗಳ ತನಕ ಆ ಸಾಲು ಮುಗಿಯಲಿಲ್ಲವೆಂದು ಆ ದೊರೆಯವರೇ ಬರೆದಿಟ್ಟಿದ್ದಾರೆ.

ಅದೇ 1860ರಲ್ಲಿ ಢಾಕಾ ಪಟ್ಟಣದಲ್ಲಿ ನೀಲದರ್ಪಣ ಎಂಬ ಬಂಗಾಳಿ ನಾಟಕವೊಂದು ಅಚ್ಚಾಯಿತು. ಬರೆದವನು ದೀನಬಂಧು ಮಿತ್ರನೆಂಬ ಅಂಚೆ ಇಲಾಖೆಯ ಅಧಿಕಾರಿ. ಸರ್ಕಾರಿ ಚಾಕರಿಯಲ್ಲಿದ್ದುದರಿಂದ ತನ್ನ ಹೆಸರನ್ನು ಹಾಕಲಿಲ್ಲ. ಅಂಚೆಯ ಕೆಲಸಕ್ಕಾಗಿ ಹಳ್ಳಿ ಹಳ್ಳಿ ತಿರುಗಿ ಎಲ್ಲವನ್ನೂ ಕಂಡವನು. ಈತನು ಬಡ ಹುಡುಗನಾಗಿ ಕಲ್ಕತ್ತೆಗೆ ಬಂದಾಗ ಮೊದಲು ಕಲಿತದ್ದು ಲಾಂಗ್ ಅಯ್ಯನವರ ಶಾಲೆಯಲ್ಲಿಯೇ. ನಾಟಕದಲ್ಲಿ ಗೌರವಸ್ಥ ರೈತ ಮನೆತನವೊಂದು ಕೋಠಿಯ ದೊರೆಗಳ ಹಟದಿಂದ ನಿರ್ಮೂಲವಾಗುತ್ತದೆ. ಮುದುಕನಾದ ಯಜಮಾನನು ಸೆರೆಯಲ್ಲಿ ಉರಲು ಹಾಕಿಕೊಳ್ಳುವನು. ಹಿರಿಯ ಮಗನು ಪೆಟ್ಟು ತಿಂದು ಸಾಯುವನು. ತಾಯಿಗೆ ಹುಚ್ಚು ಹಿಡಿಯುವದು. ಬಸುರಿಯಾದ ಒಬ್ಬ ರೈತನ ಮಗಳನ್ನು ದೊರೆಯು ಕೆಡಿಸಲೆಳಸಿದ್ದರಿಂದ ಅವಳೂ ಸಾಯುವಳು. ಅವಳನ್ನು ಬಿಡಿಸಲು ಬರುವವರಲ್ಲಿ ತೋರಾಪನೆಂಬ ಮುಸಲ್ಮಾನ ರೈತನು ಒಬ್ಬನು. ಓದಿದವರು ಅತ್ತರು, ಓದಲಾರದವರು ಓದಿಸಿ ಕೇಳಿದರು.

ಲಾಂಗ್ ಅಯ್ಯನವರು ತಮ್ಮ ಪದ್ಧತಿಯಂತೆ ಈ ಪುಸ್ತಕವನ್ನೂ ಓದಿ ಸೀಟನ್‌ಕಾರ್ ದೊರೆಯವರಿಗೆ ತೋರಿಸಿದರು. ಇವರು ಆಗ ಬಂಗಾಳ ಸರ್ಕಾರದ ಕಾರ್ಯದರ್ಶಿಗಳು. ಇಂಗ್ಲಿಷಿಗೆ ಭಾಷಾಂತರವಾದರೆ ಕೆಲವರಿಗೆ ತೋರಿಸಬಹುದೆಂದು ಗ್ರಾಂಟ್ ದೊರೆಯವರು ಅಂದರು. ದೇಶಸ್ಥನೊಬ್ಬನು ಭಾಷಾಂತರ ಮಾಡಿದನು. ಲಾಂಗ್ ಅಯ್ಯನವರು ಅದನ್ನು ತಿದ್ದಿ, ತೀರ ಒರಟಾದ ಮಾತುಗಳನ್ನು ತೆಗೆದು, ಒಂದು ಪೀಠಿಕೆಯನ್ನು ಸೇರಿಸಿ 1861ರಲ್ಲಿ ಅಚ್ಚುಹಾಕಿಸಿದರು. ಸೀಟನ್‌ಕಾರ್ ದೊರೆಯವರ ಅಪ್ಪಣೆಯಿಂದ 500 ಪ್ರತಿಗಳಾದವು. ಅವುಗಳಲ್ಲಿ ಇನ್ನೂರಕ್ಕೆ ಮೇಲ್ಪಟ್ಟವು ಸರ್ಕಾರದ ಮುದ್ರೆಯುಳ್ಳ ಲಕೋಟೆಗಳಲ್ಲಿ ವಿಲಾಯಿತಿಯ ಮತ್ತು ಈ ದೇಶದ ಮುಖ್ಯಸ್ಥರಿಗೆ ಹೋದವು. ಅಷ್ಟು ಪ್ರತಿಗಳು ಹಾಗೆ ಹೋದದ್ದು ಗ್ರಾಂಟ್ ದೊರೆಯವರಿಗೆ ಗೊತ್ತಿರಲಿಲ್ಲ.

ಕೋಠಿಯ ದೊರೆಗಳಿಗೆ ಇದು ತಿಳಿದಾಗ ಕಲ್ಕತ್ತೆಯಲ್ಲಿ ದೊಡ್ಡ ಗದ್ದಲವಾಯಿತು. ಹಳ್ಳಿಯವನು ಬಂಗಾಳಿಯಲ್ಲಿ ಬೈದರೆ ಅವರಿಗೆ ಲಕ್ಷ್ಯವಿರಲಿಲ್ಲ. ಅದೇ ಮಾತು ಇಂಗ್ಲಿಷಿನಲ್ಲಿ ತಮ್ಮ ಊರವರ ಕಿವಿಗೆ ಬಿದ್ದದ್ದು ಅವರಿಗೆ ತಡೆಯಲಾರದೆ ಹೋಯಿತು. ಅವರ ಸಂಘದವರು ಮೊದಲು ಅಚ್ಚುಕೂಟದ ಮ್ಯಾನ್ಯುಯೆಲ್ ಎಂಬವರನ್ನು ಹಿಡಿದರು. ಲಾಂಗ್ ಅಯ್ಯನವರು ತಮ್ಮ ಹೆಸರನ್ನು ಹೇಳಿಬಿಡುವಂತೆ ಅವರಿಗೆ ಒಪ್ಪಿಗೆ ಕೊಟ್ಟರು. ಅಚ್ಚುಕೂಟದವರಿಗೆ ಹತ್ತು ರೂಪಾಯಿ ದಂಡವಾಗಿ, ಮೊಕದ್ದಮೆಯು ಪಾದ್ರಿಗಳ ಮೇಲೆ ತಿರುಗಿತು. ಭಾಷಾಂತರಕಾರನ ಹೆಸರನ್ನು ಮಾತ್ರ ಅವರು ಎಂದಿಗೂ ಹೇಳಲಿಲ್ಲ. ಕ್ರೈಸ್ತನಾದ ಪ್ರಸಿದ್ಧ ಕವಿ ಮೈಕೇಲ್ ಮಧುಸೂದನ ದತ್ತನೇ ಅವನೆಂದು ಬಂಗಾಳದಲ್ಲಿ ಬಹುಕಾಲದಿಂದ ಹೇಳುತ್ತಾರೆ. ಪಂಡಿತರಲ್ಲಿ ಕೆಲವರು ಇದನ್ನು ಒಪ್ಪುವದಿಲ್ಲ. ಯಾರೇ ಆಗಿರಲಿ, ಪಾದ್ರಿಗಳು ಅವನ ಹೆಸರು ಹೇಳಿದ್ದರೆ ಅವನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು.

1861ನೇ ಜುಲಾಯಿ 19, 20 ಮತ್ತು 24ನೇ ತಾರೀಖುಗಳಲ್ಲಿ ಸುಪ್ರೀಮ್ ಕೋರ್ಟಿನಲ್ಲಿ ಸರ್ ಮಾರ್ಡಾಂಟ್ ವೆಲ್ಸ್ ಎಂಬ ನ್ಯಾಯಾಧಿಪತಿಗಳ ಮುಂದೆ ವಿಚಾರಣೆಯಾಯಿತು. ಈ ನ್ಯಾಯಾಧಿಪತಿಗಳು ಪೀಠದಲ್ಲಿ ಕೂತುಕೊಂಡೇ ಬಂಗಾಳಿಗಳ ಜಾತಿಯನ್ನೆಲ್ಲ ಹೀನಯಿಸುವವರೆಂದು ಹೆಸರಾಗಿದ್ದರು. ಆರೋಪಗಳು ಎರಡು. ನಾಟಕದ ಮುನ್ನುಡಿಯಲ್ಲಿ ಇಂಗ್ಲಿಷ್ ವರ್ತಮಾನಪತ್ರದವರಿಬ್ಬರು ಸಾವಿರ ರೂಪಾಯಿಗೆ ಕೋಠಿಯವರಿಗೆ ಮಾರಿಕೊಂಡರೆಂಬ ಅರ್ಥ ಬರುವ ಮಾತಿದ್ದದ್ದು ಒಂದು. ನಾಟಕವು ನೀಲಿಯ ದೊರೆಗಳನ್ನೆಲ್ಲ ಒಟ್ಟಾಗಿ ಅಪಮಾನಪಡಿಸಿತೆಂಬದು ಇನ್ನೊಂದು. ನಾಟಕದಲ್ಲಿ ದೊರೆಯೊಬ್ಬನ ಹೆಂಡತಿಯ ನಡತೆಯ ವಿಷಯವಾಗಿ ಹಗುರವಾದ ಮಾತು ಇದ್ದದ್ದರಿಂದ ಆಂಗ್ಲೇಯ ಕುಟುಂಬಸ್ಥರಿಗೆ ಬಹಳ ನೋವಾಗಿತ್ತು. ನಮ್ಮ ಅಭಿಪ್ರಾಯವನ್ನು ಮರೆಮಾಡದೆ ಹೇಳುವದಾದರೆ, ಒರಟಾದದ್ದನ್ನು ತೆಗೆಯುವಾಗ ಪಾದ್ರಿಗಳು ಈ ಎರಡನ್ನೂ ತೆಗೆದುಬಿಟ್ಟಿದ್ದರೆ ಚೆನ್ನಾಗಿತ್ತು. ಅವುಗಳಿಂದ ರೈತನಿಗೆ ಲಾಭವಿರಲಿಲ್ಲ. ವೈರಿಗಳ ಕೈಗೆ ಹಿಡಿ ಸಿಕ್ಕಿದಂತಾಯಿತು. ಆದರೆ ಕೋಠಿಯವರ ಸಿಟ್ಟಿಗೆ ನಿಜವಾದ ಕಾರಣ ಇದಲ್ಲ. ಕಮಿಶನಿನ ವರದಿಯನ್ನು ನ್ಯಾಯಸ್ಥಾನಕ್ಕೆ ಎಳೆಯುವದು ಅವರಿಂದ ಆಗುವಂತಿರಲಿಲ್ಲ. ಸಾಕ್ಷಿ ಹೇಳಿದ 77 ರೈತರನ್ನು ಎಳೆದರೆ ಅವಮಾನ ತಮಗೇ. ಎಳೆಯಬಹುದಾದವರೆಂದರೆ ಒಬ್ಬ ಪಾದ್ರಿ.

ಪಂಚರು ಅವರನ್ನು ಅಪರಾಧಿಯೆಂದರು. ತೀರ್ಪಿಗೆ ಮುಂಚೆ ಲಾಂಗ್ ಅಯ್ಯನವರಿಗೆ ಮಾತಾಡಲು ಅವಕಾಶವಾಯಿತು. ತಾನು ಅನೇಕ ವರುಷಗಳಿಂದ ದೇಶಭಾಷೆಯ ಪುಸ್ತಕಗಳನ್ನು ಸರ್ಕಾರದ ಗಮನಕ್ಕೆ ತರುವ ಕೆಲಸ ಮಾಡಿದ್ದೇನೆಂದೂ, 1857ರ ಭಯಂಕರ ದಿವಸಗಳನ್ನು ಕಂಡವನಾದುದರಿಂದ ಜನರ ಮನಸ್ಸಿನಲ್ಲಿ ಕುದಿಯುವದನ್ನು ಆಳುವವರಿಗೆ ಮೊದಲೇ ತಿಳಿಸುವದು ಶಾಂತಿಯನ್ನು ಬೋಧಿಸುವವನ ಕರ್ತವ್ಯವೆಂದು ಎಣಿಸಿದೆನೆಂದೂ ಅವರು ವಿನಯವಾಗಿ ಅರಿಕೆಮಾಡಿಕೊಂಡರು. ಯಾರನ್ನೂ ನೋಯಿಸುವ ಮನಸ್ಸು ತನಗಿರಲಿಲ್ಲವೆಂದರು. ತಪ್ಪಾಯಿತೆಂದು ಹೇಳಿ ಬಿಡುಗಡೆ ಬೇಡಲಿಲ್ಲ. ಒಂದು ತಿಂಗಳು ಸಾಧಾರಣ ಸೆರೆಮನೆಯಲ್ಲಿರಬೇಕೆಂದೂ ಸಾವಿರ ರೂಪಾಯಿ ದಂಡ ತೆರಬೇಕೆಂದೂ ತೀರ್ಪಾಯಿತು.

ಆಗ ಕೋರ್ಟಿನಲ್ಲಿ ನೆರೆದಿದ್ದ ಜನರ ನಡುವಿನಿಂದ ಕಾಲೀಪ್ರಸನ್ನ ಸಿಂಹನೆಂಬ ಯೌವನಸ್ಥನು ಮುಂದೆ ಬಂದು ಸಾವಿರ ರೂಪಾಯಿಯನ್ನು ಅಲ್ಲಿಯೇ ಕಟ್ಟಿಬಿಟ್ಟನು. ಅವನು ಕಲ್ಕತ್ತೆಯ ಐಶ್ವರ್ಯವಂತ ಹಿಂದೂ ಮನೆತನದವನು. ಮಹಾಭಾರತವನ್ನು ಬಂಗಾಳಿ ಗದ್ಯಕ್ಕೆ ತರಿಸುವ ಕೆಲಸದಲ್ಲಿ ತೊಡಗಿದ್ದವನು. ವಯಸ್ಸು ಇಪ್ಪತ್ತರ ಆಚೆ ಈಚೆ. ಪಾದ್ರಿಗಳು ಅವನ ಧರ್ಮಕ್ಕೆ ಸೇರಿದವರಲ್ಲ, ಅವನು ಅವರ ಸಭೆಗೆ ಸೇರಿದವನಲ್ಲ. ದಂಡವನ್ನು ತೀರಿಸಬಹುದಾಗಿತ್ತು, ಸೆರೆಯನ್ನು ಬೇರೆಯವರು ಹೊರುವಂತಿರಲಿಲ್ಲ. ಮಳೆಗಾಲದ ಒಂದು ತಿಂಗಳನ್ನು ಲಾಂಗ್ ಅಯ್ಯನವರು ಕಲ್ಕತ್ತೆಯ ಸೆರೆಮನೆಯಲ್ಲಿ ಕಳೆದರು. ಅಲ್ಲಿಗೆ ಅವರನ್ನು ಕಾಣಲು ಜನರು ಬರುತ್ತಲೇ ಇದ್ದರು.

ಈ ಕಾರ್ಯದಲ್ಲಿ ನಷ್ಟಪಟ್ಟವರು ಅವರೊಬ್ಬರೇ ಅಲ್ಲ. ಹಿಂದೂ ಪೇಟ್ರಿಯಟ್ ಎಂಬ ಪತ್ರಿಕೆಯ ಸಂಪಾದಕನಾದ ಹರಿಶ್ಚಂದ್ರ ಮುಖರ್ಜಿಯು ಸರ್ಕಾರಿ ಕಚೇರಿಯಲ್ಲಿ ಕೆಲಸಮಾಡುತ್ತಾ, ಹಳ್ಳಿಗಳಿಂದ ಬಂದ ರೈತರಿಗೆ ಮನೆಯಲ್ಲಿ ಅನ್ನಹಾಕಿ, ಅವರ ಅರ್ಜಿಗಳನ್ನು ಪುಕ್ಕಟೆಯಾಗಿ ಬರೆದುಕೊಡುತ್ತಿದ್ದನು. ಅವನು ದುಡಿದು ದುಡಿದು ಸಣ್ಣಾಗಿ, ಪಾದ್ರಿಗಳ ವಿಚಾರಣೆಗೆ ಒಂದು ತಿಂಗಳು ಮುಂಚೆ, 37ನೇ ವಯಸ್ಸಿನಲ್ಲಿ ತೀರಿಹೋದನು. ಕೋಠಿಯ ದೊರೆಯೊಬ್ಬನು ಅವನ ಮೇಲೆ ಹೂಡಿದ್ದ ದಾವೆಯು ಅವನ ವಿಧವೆಯ ತಲೆಗೆ ಬಂತು. ಬಂಗಾಳದ ಹಳ್ಳಿಗಳಲ್ಲಿ ಹರೀಶನ ಮರಣವನ್ನೂ ಲಾಂಗರ ಸೆರೆಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದವೊಂದು ಹುಟ್ಟಿ ಬಹುಕಾಲ ಉಳಿಯಿತು. ಸೀಟನ್‌ಕಾರ್ ದೊರೆಯವರು ಕಾರ್ಯದರ್ಶಿಯ ಪದವಿಯನ್ನು ಬಿಡಬೇಕಾಯಿತು. ಮಿಶನ್ ಸಂಘದವರಾದರೋ ಆ ನಾಟಕವನ್ನು ಅಚ್ಚುಹಾಕಿಸಿದ್ದನ್ನು ಮೆಚ್ಚಲಿಲ್ಲ. ಹಾಗೆಂದು ತಮ್ಮ ಸೇವಕನನ್ನು ಕೈಬಿಡಲೂ ಇಲ್ಲ. ಕಲ್ಕತ್ತೆಯ ದೇಶಸ್ಥ ಪ್ರಮುಖರು ರಾಜಾ ರಾಧಾಕಾಂತ ದೇವರ ಮನೆಯಲ್ಲಿ ಸಭೆ ಕೂಡಿ, ವೆಲ್ಸ್ ನ್ಯಾಯಾಧಿಪತಿಗಳ ನಡತೆಯ ವಿಷಯ ಸಾವಿರಾರು ರುಜುಗಳುಳ್ಳ ಮನವಿಯನ್ನು ವಿಲಾಯಿತಿಗೆ ಕಳುಹಿಸಿದರು. ಪರಮತದ ಒಬ್ಬ ಪಾದ್ರಿಗಾಗಿ ಹಿಂದೂ ಪಟ್ಟಣವು ಹೀಗೆ ಎದ್ದು ನಿಂತದ್ದು ಅಪರೂಪದ ಸಂಗತಿಯೇ ಸರಿ.

ರೈತರಿಗೆ ಆದ ಪ್ರಯೋಜನವೇನೆಂದರೆ, ಆರು ತಿಂಗಳ ಆ ಕಾನೂನು 1860ರ ಅಕ್ಟೋಬರದಲ್ಲಿ ಮುಗಿದ ಮೇಲೆ ಅದನ್ನು ಪುನಃ ಹೊರಡಿಸಲಿಲ್ಲ; ಮುಂಗಡದ ಹೆಸರಿನಲ್ಲಿ ಒತ್ತಾಯದಿಂದ ಬಿತ್ತಿಸುವದು ನದಿಯಾ ಜೆಸ್ಸೋರ್‌ಗಳಲ್ಲಿ ಹಿಂದಿನಂತೆ ನಡೆಯದೆ ಹೋಯಿತು; ಕೋಠಿಗಳು ಒಂದೊಂದಾಗಿ ಮುಚ್ಚಿದವು. ಆದರೂ ಪೂರ್ತಿ ಜಯವೆನ್ನಲಾರೆವು. ವ್ಯಾಪಾರವು ಬಿಹಾರದ ಕಡೆಗೆ ಸರಿದು ಅಲ್ಲಿ ಬಲವಾಯಿತು. ಚಂಪಾರಣ್ಯದ ರೈತರಿಗೆ ಬಿಡುಗಡೆಯಾಗುವದಕ್ಕೆ 1917ರಲ್ಲಿ ಗಾಂಧಿಯವರು ಅಲ್ಲಿಗೆ ಹೋಗಬೇಕಾಯಿತು. ಮುಂಗಡದ ಉರಲು ನಮ್ಮ ಸೀಮೆಗೂ ಹೊಸದಲ್ಲ. ಕರಾರು ಮುರಿದ ಕೂಲಿಯನ್ನು ಸೆರೆಗೆ ಹಾಕಬಹುದೆಂಬ 1859ರ ಮತ್ತೊಂದು ಕಾನೂನನ್ನು ಕೊಡಗು ಮತ್ತು ಮೈಸೂರು ಸೀಮೆಯ ಕಾಫಿ ತೋಟಗಳ ದೊರೆಗಳೂ ಉಪಯೋಗಿಸುತ್ತಿದ್ದರು. ಘಟ್ಟದ ಮೇಲಣ ತೋಟಗಳಿಗೆ ಕೂಲಿಗೆ ಹೋದವರ ಮನೆಗಳಲ್ಲಿ ಹಿರಿಯರು ಹೇಳುವ ಮಾತುಗಳಿಗೂ ನೀಲಿಯ ಕಥೆಗೂ ಹೆಚ್ಚು ದೂರವಿಲ್ಲ.

ಸೆರೆಯಿಂದ ಹೊರಬಂದ ಲಾಂಗ್ ಅಯ್ಯನವರು ಮೊದಲಿನ ಕೆಲಸಕ್ಕೇ ತಿರುಗಿದರು. 1862ರಲ್ಲಿ ವಿಶ್ರಾಂತಿಗಾಗಿ ಸ್ವದೇಶಕ್ಕೆ ಹೋದಾಗಲೂ ಉಳುವವರ ಚಿಂತೆ ಅವರನ್ನು ಬಿಡಲಿಲ್ಲ. ರಷ್ಯಾ ದೇಶದ ಚಕ್ರವರ್ತಿಯು 1861ರಲ್ಲಿ ತನ್ನ ದೇಶದ ಜೀತದ ರೈತರನ್ನು ಬಿಡುಗಡೆ ಮಾಡಿದ್ದನು. ಆ ಬಿಡುಗಡೆಯು ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡುವದಕ್ಕೆ ಅವರು 1863ರಲ್ಲಿ ಅಲ್ಲಿಗೆ ಪ್ರಯಾಣ ಮಾಡಿದರು. 1866ರಲ್ಲಿ ಬಂಗಾಳಕ್ಕೆ ಹಿಂತಿರುಗಿ ಹಳ್ಳಿಯ ಶಾಲೆ, ದೇಶಭಾಷೆಯ ವಿದ್ಯೆ, ಗಾದೆಗಳು ಇವುಗಳಲ್ಲಿ ಇನ್ನು ಆರು ವರುಷ ಕಳೆದು, 1872ರಲ್ಲಿ ಕೆಲಸದಿಂದ ನಿವೃತ್ತರಾದರು. ಅದೇ ವರುಷ ದಶಂಬರ 7ನೇ ತಾರೀಖು ಕಲ್ಕತ್ತೆಯ ನ್ಯಾಶನಲ್ ಥಿಯೇಟರ್ ಎಂಬ ಹೊಸ ಮಂಡಲಿಯವರು ತಮ್ಮ ಮೊದಲನೆಯ ಆಟವಾಗಿ ನೀಲದರ್ಪಣವನ್ನೇ ಆಡಿದರು. ಟಿಕೇಟು ಕೊಂಡ ಸಾಮಾನ್ಯ ಜನರು ಬಂದು ನೋಡಿದರು.

ಲಾಂಗ್ ಅಯ್ಯನವರು 1887ನೇ ಮಾರ್ಚಿ 23ರಲ್ಲಿ ಲಂಡನ್ ಪಟ್ಟಣದಲ್ಲಿ ತೀರಿಕೊಂಡರು. ತಮ್ಮ ಹಣದಿಂದ ಪೂರ್ವದೇಶಗಳ ಮತಗಳನ್ನು ಕುರಿತ ಉಪನ್ಯಾಸಗಳಿಗಾಗಿ ಒಂದು ನಿಧಿಯನ್ನು ಇಟ್ಟಿದ್ದರು. ಠಾಕುರ್‌ಪುಕುರ್ ಈಗ ಹಳ್ಳಿಯಾಗಿ ಉಳಿಯದೆ ಕೋಲ್ಕತ್ತಾ ನಗರದೊಳಗೆ ಸೇರಿಹೋಗಿದೆ. ಆ ಕಡೆಗೆ ಹೋಗುವ ದೊಡ್ಡ ರಸ್ತೆಗೆ ನಗರದವರು ಜೇಮ್ಸ್ ಲಾಂಗ್ ಸರಣಿ ಎಂದು ಹೆಸರಿಟ್ಟಿದ್ದಾರೆ.